ರೆಕ್ಕೆಯ ಮೇಲೆ ಇಪ್ಪತ್ತೆರಡು ಬೊಟ್ಟು

ಗಾಳಿಗೆ ಬಣ್ಣ ಬಂದ ಮೇಲೆ ನಮ್ಮ ಕಸುಬಿನಲ್ಲಿ ಸುಳ್ಳು ಹೇಳುವುದು ಕಷ್ಟವಾಯಿತು.

ಸರಿಯಾಗಿ ಹೇಳಬೇಕೆಂದರೆ ಬಣ್ಣ ಬಂದದ್ದು ಗಾಳಿಗಲ್ಲ, ಗಾಳಿಪೊರೆಗೆ. ಈರುಳ್ಳಿಯ ಒಳಸಿಪ್ಪೆಗಿಂತ ತೆಳ್ಳಗಿನ ಒಂದು ಹಾಳೆ ಅದು. ವಿಮಾನದ ರೆಕ್ಕೆಗೆ ಅಂಟಿಸಿದರೆ, ಗಾಳಿ ಅದನ್ನು ಹೇಗೆ ಸವರಿಕೊಂಡು ಹೋಗುತ್ತದೋ ಹಾಗೆ ಬಣ್ಣ ತಿರುಗುತ್ತದೆ. ಗಾಳಿ ಪದರಪದರವಾಗಿ, ಸದ್ದಿಲ್ಲದೆ ಜಾರಿಹೋದಲ್ಲಿ ಹಸಿರು. ಮಗುಚಿಕೊಂಡು, ಸುತ್ತಿಕೊಂಡು, ಕಲಸಿಕೊಂಡು ಹೋದಲ್ಲಿ ಕಂದು. ಗಾಳಿಯೇ ಇಲ್ಲದಾಗ ಬೂದು. ಒಳಗೆ ಕಣ್ಣಿಗೆ ಕಾಣದ ಹರಳುಗಳಿವೆಯಂತೆ, ಗಾಳಿ ಉಜ್ಜಿದಂತೆ ಅವು ಮಗ್ಗುಲು ಬದಲಿಸುತ್ತವಂತೆ. ನನಗೆ ಗೊತ್ತಿರುವುದು ಅಷ್ಟೆ, ನಮ್ಮ ಕೆಲಸಕ್ಕೆ ಅಷ್ಟು ಸಾಕು.

ಪೊರೆ ಬರುವ ಮುಂಚೆ ರೆಕ್ಕೆಯ ಮೇಲೆ ಗಾಳಿ ಏನು ಮಾಡುತ್ತದೆ ಎನ್ನುವುದು ದೊಡ್ಡ ದೊಡ್ಡ ಪ್ರಯೋಗಶಾಲೆಯವರಿಗೆ ಮಾತ್ರ ತಿಳಿಯುತ್ತಿತ್ತು. ಬಂದ ಮೇಲೆ ಒಂದು ಮರದ ಪೆಟ್ಟಿಗೆ, ಒಂದು ಜೋರಾದ ಫ್ಯಾನು ಇದ್ದವರೆಲ್ಲ ನೋಡಬಹುದಾಯಿತು. ಆಗಲೇ ಮನೆವಿಮಾನಗಳು ಶುರುವಾದದ್ದು. ಸರ್ಕಾರ ಹಾಕಿದ ನಿಯಮ ಒಂದೇ: ವಿಮಾನದ ಒಡೆಯರು ಅರ್ಧಕ್ಕಿಂತ ಹೆಚ್ಚು ಭಾಗವನ್ನು ತಮ್ಮ ಕೈಯಿಂದಲೇ ಕಟ್ಟಿರಬೇಕು.

ನಮ್ಮೂರು ಚನ್ನಪಟ್ಟಣಕ್ಕೆ ಎರಡು ಹರದಾರಿ. ಬೊಂಬೆ ಕಡೆಯುವ ಊರು. ಆಲೆಮರದ ತುಂಡನ್ನು ಲೇತಿಗೆ ಕೊಟ್ಟು, ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿ, ಬಿಸಿಗೆ ಕರಗಿ ಹರಡಿದ ಅರಗನ್ನು ತಾಳೆಗರಿಯಿಂದ ಉಜ್ಜಿದರೆ ಮರ ಕನ್ನಡಿಯಾಗುತ್ತದೆ. ರೆಕ್ಕೆಯನ್ನು ಲೇತಿನ ಮೇಲೆ ತಿರುಗಿಸಲು ಬರುವುದಿಲ್ಲವಲ್ಲ. ಅದಕ್ಕೆ ಸುತ್ತುವ ಉರುಳೆಯನ್ನೇ ರೆಕ್ಕೆಯ ಮೇಲೆ ಓಡಿಸಿ ಅರಗು ಹತ್ತಿಸುವುದನ್ನು ಕಂಡುಹಿಡಿದವಳು ನಾನು. ಪೊರೆಯ ಕೆಳಗಿನ ಮೈ ಎಷ್ಟು ನಯವಾಗಿರುತ್ತದೋ ಗಾಳಿ ಅಷ್ಟು ದೂರ ಹಸಿರಾಗಿ ಜಾರುತ್ತದೆ. ಹಾಗಾಗಿ ಬೊಂಬೆಯ ಊರು ರೆಕ್ಕೆಯ ಊರಾಯಿತು, ಹನ್ನೊಂದು ವರ್ಷ ಆ ಊರಿನ ರೆಕ್ಕೆ ಎಂದರೆ ನನ್ನದು, ಹೊಂಬಾಳಮ್ಮನ ರೆಕ್ಕೆ ಎಂದಾಗಿತ್ತು.

ರೆಕ್ಕೆಯನ್ನು ಬಾಳೆದಿಂಡಿನಂತೆ ಅಡ್ಡಕ್ಕೆ ಕತ್ತರಿಸಿದರೆ ಕಾಣುವ ಆಕಾರಕ್ಕೆ ನಾವು ಅಚ್ಚು ಎನ್ನುತ್ತೇವೆ. ವಿಮಾನದ ಗುಣವೆಲ್ಲ ಅದರಲ್ಲೇ ಇರುವುದು. ನನ್ನ ಅಚ್ಚಿಗೆ ದಪ್ಪ ಮೂಗು, ಮುಂದೆಯೇ ಉಬ್ಬಿದ ಬೆನ್ನು, ಅಲ್ಲಿಂದ ಹಿಂದಕ್ಕೆ ನಿಧಾನವಾದ ಇಳಿಜಾರು. ಪೊರೆ ಅಂಟಿಸಿ ನೋಡಿದರೆ ಮೂಗಿನಿಂದ ನಾಲ್ಕು ಬೆರಳು ಹಸಿರು, ಆಮೇಲೆ ಪೂರ್ತಿ ಕಂದು. ಗಂಟೆಗೆ ನೂರಾಹತ್ತು ಕಿಲೋಮೀಟರಿಗಿಂತ ಜಾಸ್ತಿ ಓಡದು. ಆದರೆ ಮಳೆ ಬರಲಿ, ಧೂಳು ಕೂರಲಿ, ಹುಳು ಬಡಿಯಲಿ, ಅದಕ್ಕೆ ಯಾವುದೂ ಲೆಕ್ಕಕ್ಕಿಲ್ಲ. ಕಣದಷ್ಟು ಜಾಗದಲ್ಲಿ ಇಳಿಯುತ್ತದೆ, ಏಳುತ್ತದೆ.

ಆಮೇಲೆ ಮಂಗಳ ತನ್ನ ಅಚ್ಚು ಬರೆದಳು.

ಸರ್ವಮಂಗಳ ನನ್ನ ಓರಗಿತ್ತಿ, ಮೈದುನನ ಹೆಂಡತಿ. ನನಗಿಂತ ಹದಿನಾರು ವರ್ಷ ಚಿಕ್ಕವಳು. ಮದುವೆಯಾಗಿ, ಮಗು ಹೆತ್ತು, ಆ ಮೇಲೂ ಮೈಸೂರಿಗೆ ಹೋಗಿ ಎಂಜಿನಿಯರಿಂಗ್ ಮುಗಿಸಿದವಳು. ಆ ಎರಡು ವರ್ಷ ಅವಳ ಕೂಸು ಇಂಪನ ನನ್ನ ಮಡಿಲಲ್ಲಿ ಬೆಳೆಯಿತು. ನನಗೆ ಮಕ್ಕಳಿಲ್ಲ. ತಾಯಿ ಓದಿ ಬಂದ ಮೇಲೂ ಆ ಹುಡುಗಿ ಊಟಕ್ಕೆ ನನ್ನ ಮನೆಗೇ ಬರುತ್ತಿದ್ದಳು. ಬೆಳೆದು ವಿಮಾನ ಹಾರಿಸಲು ಕಲಿತದ್ದೂ ನನ್ನದರಲ್ಲೇ.

ಮಂಗಳನ ಅಚ್ಚು ಮೀನಿನ ಹಾಗಿತ್ತು. ಚೂಪು ಮೂಗು, ದಪ್ಪವೆಲ್ಲ ನಡುವಿಗಿಂತ ಹಿಂದೆ, ಅಲ್ಲಿಂದ ಥಟ್ಟನೆ ಇಳಿಯುವ ಬೆನ್ನು. ಅದನ್ನು ಗಾಳಿಪೆಟ್ಟಿಗೆಯಲ್ಲಿಟ್ಟು ಫ್ಯಾನು ಹಾಕಿದ ದಿನ ಶೆಡ್ಡಿನಲ್ಲಿದ್ದವರೆಲ್ಲ ಪೆಟ್ಟಿಗೆಯ ಸುತ್ತ ಮುತ್ತಿಕೊಂಡರು. ಮೂಗಿನಿಂದ ಅರ್ಧ ದಾಟುವವರೆಗೆ ಹಸಿರು. ಅಂಥ ಹಸಿರನ್ನು ನಾನು ಗದ್ದೆಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ. ಅದೇ ಮೋಟಾರು, ಅದೇ ಬ್ಯಾಟರಿ. ಆದರೂ ಗಂಟೆಗೆ ನೂರೈವತ್ತೈದು ಕಿಲೋಮೀಟರು.

ನಮ್ಮೂರ ವಿಮಾನ ಕಟ್ಟುವವರ ಸಂಘದ ಅಧ್ಯಕ್ಷರಾದ ಮುನೀರ್ ಸಾಬರು ಐವತ್ತು ವರ್ಷ ಲೇತು ತಿರುಗಿಸಿದ ಕೈಯಿಂದ ಆ ರೆಕ್ಕೆಯ ಮೂಗು ಸವರಿದರು. "ಏನ್ ಪಾಲೀಶು ಹೊಡ್ದಿದೀಯವ್ವ ಮಂಗಳಮ್ಮ! ಮಗೂ ಕೆನ್ನೆ ಮುಟ್ದಂಗೈತೆ" ಅಂದರು.

ಆ ಪಾಲೀಶನ್ನು ಅವಳಿಗೆ ಕಲಿಸಿದವಳು ನಾನು. ಉರುಳೆ ನನ್ನದು. ತಾಳೆಗರಿಯನ್ನು ಎಷ್ಟು ನೆನೆಸಬೇಕು, ಯಾವ ಬಿಸಿಗೆ ಕೈ ತೆಗೆಯಬೇಕು ಎಂದು ಅವಳ ಬೆರಳು ಹಿಡಿದು ತೋರಿಸಿದ್ದೆ. ಸಾಬರಿಗೆ ಅವಳೇ ಅದನ್ನು ಹೇಳುತ್ತಾಳೆ ಎಂದು ಒಂದು ಗಳಿಗೆ ಕಾದೆ. ಅವಳು ನಕ್ಕು, "ಸುಮ್ನಿರಿ ಸಾಬ್ರೇ" ಅಂದಳು. ಅಷ್ಟೆ.

ಅಲ್ಲಿಂದ ಹೊಟ್ಟೆಯೊಳಗೆ ಏನೋ ಬಿದ್ದು ಹೊಗೆಯಾಡಲು ಶುರುವಾಯಿತು.

ಅವತ್ತು ಊಟಕ್ಕೆ ಮುದ್ದೆ, ಹುರುಳಿ ಸಾರು. ನಮ್ಮ ಯಜಮಾನರು ಕಾಳಪ್ಪನವರು ತಟ್ಟೆ ನೋಡುತ್ತಾ, "ನಾನೂ ಹೋಗಿ ನೋಡ್ಕೊಂಡ್ ಬಂದೆ ಕಣೆ. ನಿಜವಾಗ್ಲೂ ಚೆನ್ನಾಗದೆ" ಅಂದರು.

"ಏನು ಚೆನ್ನಾಗದೆ?"

"ರೆಕ್ಕೆ ಕಣೆ. ಇನ್ನೇನು?"

"ಹಂಗಾದ್ರೆ ಅಲ್ಲೇ ಉಂಡ್ಕೊಂಡು ಬರ್ಬೇಕಾಗಿತ್ತು."

ಇಂಪನ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ದೊಡ್ಡವ್ವ, ಸಿಟ್ಟಾಗ್ಬೇಡ. ನಿನ್ ವಿಮಾನ ಎಮ್ಮೆ ಕಣವ್ವ. ನಂಬ್ಕೊಂಡು ಮೇಲೆ ಮಲ್ಕೊಬೌದು. ಆದ್ರೆ ಓಡು ಅಂದ್ರೆ ಓಡಲ್ಲ. ಅವ್ವಂದು ಕುದ್ರೆ."

"ಎಮ್ಮೆ ಹಾಲು ಕುಡ್ಕೊಂಡು ಬೆಳ್ದೋಳು ನೀನು. ಕುದ್ರೆ ಹಾಲು ಕೊಟ್ಟಿತ್ತಾ?"

"ಇಲ್ಲ ಬುಡು" ಎಂದು ಇನ್ನೊಂದು ಸೌಟು ಸಾರು ಹಾಕಿಸಿಕೊಂಡಳು. ನನಗೆ ಸಮಾಧಾನವಾಗಲಿಲ್ಲ. ಕುದುರೆ ಎನ್ನುವಾಗ ಅವಳ ಕಣ್ಣಿನಲ್ಲಿ ಬಂದ ಬೆಳಕನ್ನು ನೋಡಿದ್ದೆನಲ್ಲ.

ಆ ವರ್ಷ ಸಂಘಕ್ಕೆ ಒಂದು ದೊಡ್ಡ ಕೆಲಸ ಬಂದಿತ್ತು. ಮಹದೇಶ್ವರ ಬೆಟ್ಟದ ಕಡೆಯ ಹಾಡಿಗಳಿಗೆ ಹಾವು ಕಡಿತದ ಔಷಧಿ, ಹೆರಿಗೆಯವರಿಗೆ ರಕ್ತ ಸಾಗಿಸಲು ಹತ್ತು ವಿಮಾನ ಕಟ್ಟಬೇಕಿತ್ತು. ಹತ್ತಕ್ಕೂ ಒಂದೇ ಅಚ್ಚು. ಯಾರ ಅಚ್ಚು ಆಯ್ಕೆಯಾಗುತ್ತದೋ ಅವರ ಹೆಸರು ಹತ್ತು ರೆಕ್ಕೆಗಳ ಮೇಲೂ ಇರುತ್ತದೆ. ನನ್ನದು ಅಷ್ಟು ದೂರ ಹೋಗಿ ಅಲ್ಲೇ ಬ್ಯಾಟರಿ ತುಂಬಿಸಿಕೊಂಡು ಮರಳಬೇಕು. ಮಂಗಳನದು ಒಂದೇ ಸಲ ತುಂಬಿಸಿದ್ದರಲ್ಲಿ ಹೋಗಿ ಬರುತ್ತದೆ. ಆದರೆ ಹಾಡಿಯ ಪಕ್ಕದ ಬಯಲುಗಳೆಲ್ಲ ಗಿಡ್ಡ. ಅದಕ್ಕೆ ಸಾಬರು ಪರೀಕ್ಷೆ ಇಟ್ಟರು. ವಿಜಯದಶಮಿಯ ಬೆಳಿಗ್ಗೆ ಎರಡು ವಿಮಾನವೂ ಎಂಬತ್ತು ಕಿಲೋ ಹೊತ್ತು ನಮ್ಮ ಹುಲ್ಲುಬಯಲಿನಲ್ಲಿ ಓಡಬೇಕು. ಇನ್ನೂರು ಮೀಟರಿಗೆ ಬಳಿದ ಸುಣ್ಣದ ಗೆರೆಯೊಳಗೆ ನೆಲ ಬಿಡಬೇಕು. ಗೆರೆಯ ಆಚೆ ನೂರು ಮೀಟರು ಬಯಲು, ಅದರ ಎಡಕ್ಕೆ ರಾಗಿ ಹೊಲ, ಮುಂದೆ ಕೆರೆ ಏರಿ, ಅದರಾಚೆ ತುಂಬಿದ ಕೆರೆ.

ಆಷಾಢದಲ್ಲಿ ಒಂದು ಮಧ್ಯಾಹ್ನ ಶೆಡ್ಡಿನಲ್ಲಿ ಒಬ್ಬಳೇ ಇದ್ದೆ. ಮಂಗಳನ ರೆಕ್ಕೆಯ ಒಂದು ಮೊಳದ ಮಾದರಿ ಪೆಟ್ಟಿಗೆಯಲ್ಲೇ ಇತ್ತು. ಅವಳು ಯಾವಾಗಲೂ ಅದನ್ನು ಮಟ್ಟಸವಾಗಿಟ್ಟು, ಜೋರು ಗಾಳಿಯಲ್ಲಿ ನೋಡುತ್ತಿದ್ದಳು. ವೇಗವೇ ಅಲ್ಲವೆ ಅವಳಿಗೆ ಬೇಕಾದದ್ದು. ನಾನು ಫ್ಯಾನು ಹಾಕಿದೆ. ಮೂಗಿನ ಮೇಲೆ ಎಲ್ಲೋ ಸಾಸಿವೆ ಕಾಳಿನಷ್ಟು ಅರಗಿನ ಹರಳು ಅಂಟಿಕೊಂಡಿತ್ತು. ಅದರ ಹಿಂದೆ ಹಸಿರಿನ ನಡುವೆ ಒಂದು ಕಂದು ಬಾಲ ಬಿಚ್ಚಿಕೊಂಡಿತು. ಮುಂದೆ ಸೂಜಿಮೊನೆ, ಹಿಂದೆ ಹೋಗುತ್ತಾ ಬೀಸಣಿಗೆ.

ಅಷ್ಟು ಎಲ್ಲರಿಗೂ ಗೊತ್ತಿದ್ದದ್ದೇ. ಕೊಳೆಯಾದರೆ ವೇಗ ಸ್ವಲ್ಪ ತಗ್ಗುತ್ತದೆ. ಆದರೆ ನಾನು ಇನ್ನೂ ನಾಲ್ಕು ಹರಳು ಅಂಟಿಸಿ, ಫ್ಯಾನು ತಗ್ಗಿಸಿ, ಮಾದರಿಯ ಮೂಗನ್ನು ಮೇಲಕ್ಕೆತ್ತಿದೆ. ವಿಮಾನ ನೆಲ ಬಿಡುವಾಗ ಎತ್ತುವಷ್ಟು. ಹಿಂಬದಿಗೆ ಅಂಟಿಸಿದ್ದ ನೂಲಿನ ಎಳೆಗಳು ಥಟ್ಟನೆ ತಿರುಗಿ ಮುಂದಕ್ಕೆ ಮುಖ ಮಾಡಿದವು. ಮುಂದೆಯೇ ಮಗುಚಿ ಸುಸ್ತಾದ ಗಾಳಿಗೆ ಆ ಕಡಿದಾದ ಬೆನ್ನಿನಲ್ಲಿ ಇಳಿಯಲಾಗದೆ ರೆಕ್ಕೆಯನ್ನೇ ಬಿಟ್ಟುಬಿಟ್ಟಿತ್ತು. ಗಾಳಿ ಬಿಟ್ಟ ರೆಕ್ಕೆ ರೆಕ್ಕೆಯಲ್ಲ, ಹಲಗೆ. ನನ್ನ ಅಚ್ಚಿಗೆ ಈ ಕಷ್ಟವಿಲ್ಲ. ಅಲ್ಲಿ ಇಳಿಜಾರು ನಿಧಾನ, ಸುಸ್ತಾದ ಗಾಳಿಯೂ ಕಾಲೆಳೆದುಕೊಂಡು ಇಳಿಯುತ್ತದೆ.

ಹರಳುಗಳನ್ನು ಉಗುರಿನಿಂದ ಕೆರೆದು ತೆಗೆದು, ಮಾದರಿಯನ್ನು ಮೊದಲಿದ್ದ ಹಾಗೇ ಮಟ್ಟಸವಾಗಿಟ್ಟು ಬಂದೆ.

ಹೇಳಬಾರದು ಎಂದುಕೊಂಡಿರಲಿಲ್ಲ. ಆ ವಾರದ ಸಂಘದ ಸಭೆಯಲ್ಲಿ ಬಾಯಿ ತೆರೆದೆ. "ಹುಳ ಗಿಳ ಬಡಿದ್ರೆ ಏನ್ ಮಾಡ್ತೀಯೆ ಮಂಗಳ?"

"ಒರೆಸ್ಕೊಂಡ್ರಾಯ್ತು ಅಕ್ಕಾ" ಅಂದಳು.

ಎಲ್ಲರೂ ನಕ್ಕರು. ಮುನೀರ್ ಸಾಬರೂ ನಕ್ಕರು. ಹಿಂದಿನ ಬೆಂಚಿನಿಂದ ಯಾರೋ, "ಹೊಂಬಾಳಕ್ಕಂಗೆ ಉರಿ ಹತ್ಕೊಂಡದೆ, ಅದನ್ನೂ ಒರೆಸ್ರಪ್ಪ" ಅಂದರು. ಇನ್ನೂ ಜೋರು ನಗು. ನಾನು ಸೆರಗು ಸರಿ ಮಾಡಿಕೊಂಡು ಕೂತೆ. ಬಾಯಿ ಮುಚ್ಚಿತು. ಮತ್ತೆ ತೆರೆಯಲು ಮೂರು ತಿಂಗಳಿತ್ತು, ತೆರೆಯಲಿಲ್ಲ.

ಆಯುಧಪೂಜೆ ಬಂತು.

ನಮ್ಮಲ್ಲಿ ಆ ದಿನ ಲೇತು, ಉಳಿ, ಉರುಳೆ, ಫ್ಯಾನು ಎಲ್ಲಕ್ಕೂ ಪೂಜೆ. ಬೂದುಗುಂಬಳ ಒಡೆಯುವುದು ಗಂಡಸರು. ಗಂಧ ಕುಂಕುಮ ಇಡುವುದು ಮನೆಯ ಹಿರಿಯ ಹೆಂಗಸು. ವಿಮಾನದ ಗಂಧವನ್ನು ರೆಕ್ಕೆಯ ಮೂಗಿನ ಮೇಲೆ ಇಡುತ್ತೇವೆ. ಒಳಗೆ ಎಲ್ಲೆಲ್ಲಿ ಅಚ್ಚಿನಾಕಾರದ ಮರದ ಪಕ್ಕೆಲುಬಿದೆಯೋ ಅಲ್ಲಲ್ಲಿ ಒಂದೊಂದು ಬೊಟ್ಟು. ಒಂದು ರೆಕ್ಕೆಗೆ ಹನ್ನೊಂದು, ಎರಡಕ್ಕೆ ಇಪ್ಪತ್ತೆರಡು. ನನ್ನ ರೆಕ್ಕೆಗೆ ಹನ್ನೊಂದು ವರ್ಷ ಇಟ್ಟಿದ್ದೇನೆ, ಅದು ಬೊಟ್ಟಿಟ್ಟುಕೊಂಡೇ ಹಾರಿದೆ. ಇಟ್ಟ ಬೊಟ್ಟನ್ನು ಕೈಯಿಂದ ಅಳಿಸುವುದಿಲ್ಲ, ತಾನೇ ಉದುರಬೇಕು.

ಮಂಗಳ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದಳು. "ಅಕ್ಕಾ, ನನ್ನದಕ್ಕೂ ನಿಮ್ ಕೈಯಿಂದ್ಲೇ ಇಡಿ. ನಾನಿಟ್ರೆ ಎಲ್ರೂ ಬೈತಾರೆ."

"ಇಡ್ತೀನಿ ಬಾ" ಅಂದೆ.

ಗಂಧವನ್ನು ಕಲ್ಲಿನ ಮೇಲೆ ತೇಯ್ದೆ. ಮಂದವಾಗಿಯೇ ತೇಯ್ದೆ. ಪಕ್ಕದಲ್ಲಿ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ಬಟ್ಟಲಿತ್ತು. ಗಂಧಕ್ಕೆ ಅದರಿಂದ ನಾಲ್ಕು ಹನಿ ಬಿತ್ತು. ಬಿತ್ತು ಎಂದರೆ ಸುಳ್ಳು. ಹಾಕಿದೆ.

ಆಗ ನನ್ನ ಲೆಕ್ಕ ಹೀಗಿತ್ತು. ಅವಳ ವಿಮಾನವನ್ನು ಹಾರಿಸಲು ರಾಮನಗರದಿಂದ ಒಬ್ಬ ಅನುಭವಸ್ಥ ಬರುವವನಿದ್ದ. ಅವನು ಓಡಿಸುತ್ತಾನೆ, ಗೆರೆ ಬಂದರೂ ವಿಮಾನ ಏಳುವುದಿಲ್ಲ, ಮೋಟಾರು ಆರಿಸಿ ನಿಲ್ಲಿಸುತ್ತಾನೆ. ಜನ ಒಂದು ಸಲ ನಗುತ್ತಾರೆ, ನನ್ನನ್ನು ನೋಡಿ ನಕ್ಕ ಹಾಗೆ. ಅಷ್ಟು ಸಾಕಾಗಿತ್ತು ನನಗೆ. ಒರೆಸ್ಕೊಂಡ್ರಾಯ್ತು ಅಂದವಳು ಅವಳೇ ಅಲ್ಲವೆ, ಒರೆಸಿಕೊಳ್ಳಲಿ ನೋಡೋಣ ಎಂದುಕೊಂಡು ಇಪ್ಪತ್ತೆರಡು ಬೊಟ್ಟಿಟ್ಟೆ. ಒಂದೊಂದರ ಮೇಲೂ ಕುಂಕುಮ. ಕೆಂಪು ಸಾಲು ಲಕ್ಷಣವಾಗಿ ಕಂಡಿತು. ಮಂಗಳ ಬಗ್ಗಿ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಬಾಯಿತುಂಬಾ ಹರಸಿದೆ.

ಮಾರನೆಯ ಬೆಳಿಗ್ಗೆ ನೋಟದ ಕೋಣೆಯಲ್ಲಿ ಸೇರಿದೆವು. ಬಯಲಿನ ಅಂಚಿಗಿರುವ ತಗಡಿನ ಕೋಣೆ ಅದು. ವಿಮಾನದ ಬಾಲದಲ್ಲಿರುವ ಕ್ಯಾಮೆರಾ ರೆಕ್ಕೆಯ ಪೊರೆಯನ್ನು ನೋಡುತ್ತದೆ, ಅದು ನೋಡಿದ್ದು ಇಲ್ಲಿ ಪರದೆಯ ಮೇಲೆ ಬರುತ್ತದೆ. ಪಕ್ಕದಲ್ಲಿ ವೇಗದ ಅಂಕಿ, ಮುಂದೆ ಮೈಕು. ಮುನೀರ್ ಸಾಬರು, ನಾನು, ಮಂಗಳ, ಹಿಂದೆ ಕಿಟಕಿಗೆ ಮುಖ ಅಂಟಿಸಿಕೊಂಡ ಅರ್ಧ ಊರು.

ಸಾಬರು ಗಂಟಲು ಸರಿ ಮಾಡಿಕೊಂಡರು. "ನೋಡ್ರವ್ವ, ಒಂದ್ ಮಾತು. ಇಬ್ರು ಬೇರೆ ಬೇರೆ ಹಾರಿಸಿದ್ರೆ ಕೈಗುಣ ಅಂತ ನಾಳೆ ಜಗಳ ತೆಗೀತೀರ. ಅದ್ಕೇ ರಾಮನಗರದೋನಿಗೆ ಬರ್ಬೇಡ ಅಂದೆ. ಎರಡನ್ನೂ ಇಂಪನನೇ ಹಾರಿಸ್ತಾಳೆ. ಇಬ್ರಿಗೂ ಮಗಳೇ ಅಲ್ವಾ ಅವ್ಳು?"

ನಾನು ಕಿಟಕಿಯಾಚೆ ಮಂಗಳನ ರೆಕ್ಕೆಯ ಕೆಂಪು ಸಾಲಿನ ಕಡೆ ತಿರುಗಿದೆ.

ಮೊದಲು ನನ್ನ ಎಮ್ಮೆ. ನೂರಾಮೂವತ್ತು ಮೀಟರಿಗೆ ಎದ್ದಿತು, ಪೊರೆಯ ಮೇಲೆ ಯಾವಾಗಿನ ಕಂದು, ಏರಿಯ ಮೇಲೆ ಸುಖವಾಗಿ ತೇಲಿ ಸುತ್ತು ಹಾಕಿ ಇಳಿಯಿತು. ಜನ ಚಪ್ಪಾಳೆ ತಟ್ಟಿದ್ದು ನನಗೆ ಎಲ್ಲೋ ದೂರದಲ್ಲಿ ಕೇಳಿಸಿತು. ಹೊರಗೆ ಇಂಪನ ಮಂಗಳನ ವಿಮಾನದ ಹತ್ತಿರ ಹೋಗುತ್ತಿದ್ದಳು. ಕೈಯಲ್ಲಿ ಒದ್ದೆ ಬಟ್ಟೆ.

"ಒರೆಸು ಅಂದಿದೀನಿ" ಅಂದಳು ಮಂಗಳ ಸಾಬರಿಗೆ. "ರೆಕ್ಕೆ ಚೊಕ್ಕ ಇದ್ದಷ್ಟೂ ಒಳ್ಳೇದು."

ಕಿಟಕಿಯಿಂದ ನೋಡಿದೆ. ಇಂಪನ ಒರೆಸುತ್ತಿದ್ದಳು. ಇಬ್ಬನಿ ಒರೆಸಿದಳು, ಧೂಳು ಒರೆಸಿದಳು. ಬೊಟ್ಟು ಬಂದಲ್ಲಿ ಬಟ್ಟೆ ಸುತ್ತು ಹಾಕಿಕೊಂಡು ಹೋಗುತ್ತಿತ್ತು. ಕೊನೆಯ ಬೊಟ್ಟಿನ ಹತ್ತಿರ ನಿಂತು, ಅದನ್ನು ಎರಡು ಬೆರಳಿನಿಂದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಕಿಟಕಿಯ ಕಡೆ ತಿರುಗಿ ನನಗೆ ಕೈ ಬೀಸಿದಳು. ದೊಡ್ಡವ್ವ ಇಟ್ಟದ್ದನ್ನು ಅಳಿಸುತ್ತಾಳೆಯೇ ಅವಳು? ಅಳಿಸಬಾರದೆಂದು ಕಲಿಸಿದವಳೂ ನಾನೇ.

ಏನೂ ಆಗುವುದಿಲ್ಲ, ಏಳದಿದ್ದರೆ ನಿಲ್ಲಿಸುತ್ತಾಳೆ ಎಂದುಕೊಂಡೆ. ಮೋಟಾರಿನ ಸದ್ದು ಏರಿತು. ಆಗ ನೆನಪಾಯಿತು, ಹನ್ನೊಂದು ವರ್ಷದಿಂದ ಕಣ್ಣಾರೆ ನೋಡಿದ್ದರೂ ಲೆಕ್ಕಕ್ಕೆ ಹಿಡಿಯದೆ ಬಿಟ್ಟ ಒಂದು ಸಂಗತಿ. ನೆಲದ ಹತ್ತಿರ ರೆಕ್ಕೆಯ ಕೆಳಗಿನ ಗಾಳಿಗೆ ಹೋಗಲು ಜಾಗವಿರುವುದಿಲ್ಲ. ಅದು ದಿಂಬಿನಂತೆ ಒತ್ತಿ ಎತ್ತಿಕೊಡುತ್ತದೆ. ಎಂಥ ಕೆಟ್ಟ ರೆಕ್ಕೆಯೂ ಒಂದಾಳೆತ್ತರ ಏಳುತ್ತದೆ. ಅಂದರೆ ವಿಮಾನ ಏಳುತ್ತದೆ. ಎದ್ದಿತು ಎಂದು ಹುಡುಗಿ ನಂಬುತ್ತಾಳೆ. ಮುಂದೆ ಕೆರೆ ಏರಿ ಬಂದಾಗ ಚಾಲನೆಯ ಕೋಲು ಎಳೆದು ಇನ್ನೂ ಮೂಗು ಎತ್ತುತ್ತಾಳೆ. ಆಗ ಗಾಳಿ ರೆಕ್ಕೆಯನ್ನು ಬಿಡುತ್ತದೆ.

ಮೈಕಿಗೆ ಕೈ ಹಾಕಿದೆ. "ಇಂಪೀ, ನಿಲ್ಸು! ಓಡಿಸ್ಬೇಡ, ನಿಲ್ಸು!"

ಪರದೆಯ ಮೇಲೆ ಪೊರೆ ಇನ್ನೂ ಬೂದು. ವೇಗದ ಅಂಕಿ ಹದಿನೆಂಟು.

"ಅಕ್ಕಾ!" ಮಂಗಳ ನನ್ನ ಮುಂಗೈ ಹಿಡಿದಳು. "ಏನ್ ಮಾಡ್ತಿದೀರ? ಬಿಡಿ ಮೈಕು!"

"ಬೇಡ ಕಣೆ ಮಂಗಳ, ಏಳಲ್ಲ ಅದು."

"ನಿಮ್ದು ಆಯ್ತಲ್ಲ? ನನ್ದನ್ನೂ ನೋಡೋಕೆ ಬಿಡಿ. ಇಷ್ಟೊಂದು ಹೊಟ್ಟೆಕಿಚ್ಚಾ ನಿಮ್ಗೆ?"

ಕಿಟಕಿಯಾಚೆಯ ಮುಖಗಳೆಲ್ಲ ಅದನ್ನೇ ಹೇಳುತ್ತಿದ್ದವು. ಸಾಬರು ತಲೆ ತಗ್ಗಿಸಿದರು. ನನ್ನ ಮಾತನ್ನು ನಂಬುವವರು ಆ ಕೋಣೆಯಲ್ಲಿ ಒಬ್ಬರೂ ಇರಲಿಲ್ಲ, ನಂಬದಿರಲು ಅವರಿಗೆ ಸರಿಯಾದ ಕಾರಣವೂ ಇತ್ತು. ಮಂಗಳ ಮೈಕು ಕಿತ್ತುಕೊಂಡು, "ಓಡ್ಸು ಮಗಳೇ, ಏನಿಲ್ಲ" ಅಂದಳು.

ನಲವತ್ತು. ಪೊರೆ ಎಚ್ಚರವಾಯಿತು. ಒಂದು ಕ್ಷಣ ಮುಂದೆಲ್ಲ ಹಸಿರು. ಆಮೇಲೆ ಒಂದೊಂದು ಬೊಟ್ಟಿನ ಹಿಂದೆಯೂ ಒಂದೊಂದು ಕಂದು ಬೀಸಣಿಗೆ ಬಿಚ್ಚಿಕೊಂಡಿತು. ಆ ರೆಕ್ಕೆಗೆ ಹನ್ನೊಂದು, ಈ ರೆಕ್ಕೆಗೆ ಹನ್ನೊಂದು. ಅಗಲವಾಗುತ್ತಾ ಹೋಗಿ ಹಿಂಬದಿಯಲ್ಲಿ ಒಂದಕ್ಕೊಂದು ಅಂಟಿಕೊಂಡವು. ಮಂಗಳ ಪರದೆಯ ಹತ್ತಿರಕ್ಕೆ ಬಗ್ಗಿದಳು. ಅವಳು ಓದಿದವಳು, ನೋಡಿದ ಕೂಡಲೇ ಅರ್ಥವಾಯಿತು. ಅಷ್ಟರಲ್ಲಿ ವಿಮಾನ ಗೆರೆ ದಾಟಿ, ಒಂದಾಳೆತ್ತರಕ್ಕೆ ಎದ್ದು, ಅಲ್ಲಾಡುತ್ತಾ ಏರಿಯ ಕಡೆ ಹೋಗುತ್ತಿತ್ತು.

ಮೈಕು ತಾನಾಗಿ ನನ್ನ ಕೈಗೆ ಬಂತು. ಅವಳೇ ಇಟ್ಟಳು.

"ಇಂಪೀ, ದೊಡ್ಡವ್ವ ಹೇಳ್ತಿದೀನಿ. ಕೋಲು ಎಳೀಬೇಡ. ಎಳೀಬೇಡ ಕಂದ. ಮೂಗು ಕೆಳಗಿಡು. ಮೋಟಾರ್ ಆರ್ಸು."

"ಏರಿ ಬಂತು ದೊಡ್ಡವ್ವ!"

"ಬರ್ಲಿ. ಕೂರ್ಸು ಹಂಗೇ. ನೆಲ ಮುಟ್ದೇಟ್ಗೆ ಎಡಗಾಲು ಒತ್ತು, ರಾಗಿ ಹೊಲಕ್ಕೆ ನುಗ್ಸು."

ಅವಳು ಕೋಲು ಎಳೆಯಲಿಲ್ಲ. ವಿಮಾನ ನೆಲಕ್ಕೆ ಬಡಿದು, ಎಡಕ್ಕೆ ಹೊರಳಿ, ತೆನೆ ತುಂಬಿದ ರಾಗಿ ಹೊಲದೊಳಗೆ ಸೀಳಿಕೊಂಡು ಹೋಯಿತು. ಬದುವಿಗೆ ಚಕ್ರ ಸಿಕ್ಕಿ ಮುರಿಯಿತು. ಪರದೆ ಕಪ್ಪಾಯಿತು.

ನಾನು ಹೇಗೆ ಓಡಿದೆನೋ ಗೊತ್ತಿಲ್ಲ. ನಾನು ಮುಟ್ಟುವ ಹೊತ್ತಿಗೆ ಅವಳನ್ನು ಹೊರಗೆ ತೆಗೆದಿದ್ದರು. ಹೆಗಲ ಮೂಳೆ ಮುರಿದಿತ್ತು, ಹಣೆಯಲ್ಲಿ ರಕ್ತ. ಆ ಸ್ಥಿತಿಯಲ್ಲೂ, "ಎಮ್ಮೇನೇ ವಾಸಿ ಕಣ್ ದೊಡ್ಡವ್ವ" ಅಂದಳು. ನಗಲು ಹೋಗಿ ನೋವಿಗೆ ಮುಖ ಕಿವುಚಿದಳು.

ಆಂಬುಲೆನ್ಸು ಹೊರಡುವ ಮುಂಚೆ ಒಂದು ಗಳಿಗೆ ಮಂಗಳ ಮುರಿದ ರೆಕ್ಕೆಯ ಪಕ್ಕ ಬಗ್ಗಿದ್ದನ್ನು ಕಂಡೆ. ಒಂದು ಬೊಟ್ಟನ್ನು ಉಗುರಿನಿಂದ ಕೆರೆಯುತ್ತಿದ್ದಳು. ಒಣಗಿದ ಗಂಧ ಉಗುರು ತಾಗಿದರೆ ಪುಡಿಯಾಗಿ ಉದುರಬೇಕು. ಉದುರಲಿಲ್ಲ. ಇನ್ನೂ ಒತ್ತಿದಳು. ಉಗುರು ಮುರಿಯಿತು. ತಲೆಯೆತ್ತಿ ನನ್ನನ್ನು ಹುಡುಕಿ, ನೋಡಿ, ಗಾಡಿ ಹತ್ತಿದಳು.

ಊರಿನಲ್ಲಿ ಬೇರೆಯೇ ಮಾತು. ಪೊರೆ ಬಣ್ಣ ತಿರುಗುವ ಮುಂಚೆಯೇ ಹೊಂಬಾಳಕ್ಕನ ಧ್ವನಿ ಬಂದದ್ದನ್ನು ಯಂತ್ರ ಹಿಡಿದಿಟ್ಟಿತ್ತು. ಎಷ್ಟೋ ಸಲ ಹಾಕಿ ಕೇಳಿದರು. ಮುನೀರ್ ಸಾಬರು ಮನೆಗೇ ಬಂದು ಕೈ ಮುಗಿದರು. "ಯಂತ್ರಕ್ಕಿಂತ ಮುಂಚೆ ಕಂಡ್ತಲ್ಲವ್ವ ನಿಂಗೆ. ಅದೆಂಥ ಕಣ್ಣು! ನಾವು ಸಭೇಲಿ ನಗಾಡ್ಬಿಟ್ವಿ, ಮನಸಿಗೆ ಹಾಕ್ಕೋಬೇಡ." ಯಜಮಾನರು ಅವರಿಗೆ ಕಾಫಿ ಕೊಟ್ಟು, ನನ್ನ ಬಗ್ಗೆ ನಾನು ಕೇಳಿರದ ಹೊಗಳಿಕೆ ಹೊಗಳಿದರು. ಇಷ್ಟು ವರ್ಷ ಬೇಕು ಬೇಕೆಂದಿದ್ದು ಎಲ್ಲ ಒಟ್ಟಿಗೆ ಬಂತು. ನುಂಗಲಾಗಲಿಲ್ಲ.

ಒಂಬತ್ತನೆಯ ದಿನ ಮಂಗಳ ಬಂದಳು. ನಾನು ಅಡಿಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು ತಾನೂ ಒಂದು ಹಿಡಿ ತೆಗೆದುಕೊಂಡಳು. ಮುರಿದ ಉಗುರಿನ ಬೆರಳಿಗೆ ಬಟ್ಟೆ ಸುತ್ತಿತ್ತು.

"ಗಂಧಕ್ಕೆ ಏನ್ ಸೇರಿಸಿದ್ರಿ ಅಕ್ಕಾ?"

"ಅರಗು."

ನಾಲ್ಕು ಕಾಯಿ ಸುಲಿದಳು. "ಯಾವಾಗಿಂದ ಗೊತ್ತಿತ್ತು?"

"ಆಷಾಢದಿಂದ."

"ಅವತ್ತು ಸಭೇಲಿ ಕೇಳಿದ್ರಲ್ಲ, ಹುಳ ಬಡಿದ್ರೆ ಅಂತ."

"ಹೂಂ."

"ಅದನ್ನೇ ಇನ್ನೊಂದ್ಸಲ ಕೇಳ್ಬೋದಿತ್ತು."

"ನಗದೆ ಕೇಳಿಸ್ಕೋಬೋದಿತ್ತು ನೀನು."

ಅವಳ ಕೈ ನಿಂತಿತು. ಎದ್ದು ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಹಗುರಾಗುತ್ತಿತ್ತು. "ಇಂಪನ ಇರ್ತಾಳೆ ಅಂತ ಗೊತ್ತಿರ್ಲಿಲ್ಲ ನ‌ಂಗೆ" ಅಂದೆ.

"ಬೇರೆಯೋರ ಮಗ ಆಗಿದ್ರೆ ಪರ್ವಾಗಿರ್ಲಿಲ್ವಾ?"

ನಾನು ಮೊರದಲ್ಲಿದ್ದ ಸಿಪ್ಪೆಗಳನ್ನು ಬದಿಗೆ ಸರಿಸಿದೆ.

"ಪಾಲೀಶು ನಿಮ್ದು ಅಂತ ಅವತ್ತು ನಾನು ಹೇಳ್ಬೇಕಿತ್ತು" ಅಂದಳು ಮೆಲ್ಲಗೆ. "ಬಾಯಿಗೆ ಬಂದಿತ್ತು. ಹೇಳಿದ್ರೆ ಅದೂ ನಿಮ್ಮದೇ ಆಗೋಗುತ್ತೆ ಅನ್ನಿಸ್ತು. ಈ ಮನೆಗೆ ಬಂದಾಗಿಂದ ಏನ್ ಮಾಡಿದ್ರೂ ಹೊಂಬಾಳಮ್ಮನ ಓರಗಿತ್ತಿ ನಾನು. ನನ್ ಮಗಳು ಕೂಡ ನಿಮ್ ಮನೇಲೇ ಉಣ್ತಾಳೆ."

ಹೊಟ್ಟೆಯೊಳಗಿನ ಹೊಗೆ ನನ್ನೊಬ್ಬಳದೇ ಎಂದುಕೊಂಡಿದ್ದೆ.

ಸುಲಿದ ಕಾಳನ್ನೆಲ್ಲ ನನ್ನ ಮೊರಕ್ಕೆ ಸುರಿದು ಎದ್ದಳು. "ಅವಳಿಗೆ ಹೇಳಲ್ಲ ನಾನು. ನಿಮಗೋಸ್ಕರ ಅಲ್ಲ. ಇರೋಳು ಒಬ್ಳೇ ದೊಡ್ಡವ್ವ ಅವಳಿಗೆ." ಬಾಗಿಲಲ್ಲಿ ನಿಂತು, "ನಾಳೆ ಶೆಡ್ಡಿಗೆ ಬನ್ನಿ. ನಿಮ್ ರೆಕ್ಕೇನ ಗಾಳಿ ಯಾಕೆ ಬಿಡಲ್ಲ, ತೋರಿಸ್ಬೇಕು ನೀವು" ಅಂದಳು.

ಆರು ತಿಂಗಳು ಇಬ್ಬರೂ ಅಚ್ಚು ತಿದ್ದಿದೆವು. ಅವಳ ಬೆನ್ನಿನ ಇಳಿಜಾರನ್ನು ತಗ್ಗಿಸಿದರೆ ಹಸಿರು ಕಡಿಮೆಯಾಗುತ್ತಿತ್ತು, ಅವಳು ತುಟಿ ಕಚ್ಚುತ್ತಿದ್ದಳು. ನನ್ನ ಮೂಗನ್ನು ಸಣ್ಣ ಮಾಡಿದರೆ ಏಳಲು ಜಾಗ ಹೆಚ್ಚು ಬೇಕಾಗುತ್ತಿತ್ತು, ನಾನು ಗೊಣಗುತ್ತಿದ್ದೆ. ಒಂದನ್ನು ಕೊಡದೆ ಇನ್ನೊಂದನ್ನು ಗಾಳಿ ಯಾರಿಗೂ ಕೊಡುವುದಿಲ್ಲ. ಕೊನೆಗೆ ನಿಂತ ಅಚ್ಚು ಗಂಟೆಗೆ ನೂರಾಮೂವತ್ತೆರಡು ಹೋಗುತ್ತದೆ, ನೂರಾ ಎಪ್ಪತ್ತು ಮೀಟರಿಗೆ ಏಳುತ್ತದೆ. ಹಾಡಿಗೆ ಹೋಗಿ ಬರಲು ಒಂದು ಸಲದ ಬ್ಯಾಟರಿ ಸಾಕು, ಬಂದಿಳಿದಾಗ ಏನೂ ಉಳಿದಿರುವುದಿಲ್ಲ. ಇಬ್ಬರಿಗೂ ಪೂರ್ತಿ ಇಷ್ಟವಾಗದ ಅಚ್ಚು. ಅದರ ಮೇಲೆ ಯಾರ ಹೆಸರೂ ಬೇಡವೆಂದು ಇಬ್ಬರೂ ಹೇಳಿದೆವು. ಹತ್ತು ವಿಮಾನಗಳಿಗೂ ಬರೀ ನಂಬರು.

ಆದರೆ ಆಯ್ಕೆಯ ಸಭೆಯಲ್ಲಿ ಮಂಗಳ ಎದ್ದು ನಿಂತಳು. ಇನ್ನು ಮುಂದೆ ನಮ್ಮೂರಲ್ಲಿ ಯಾರೇ ಹೊಸ ಅಚ್ಚು ತಂದರೂ ಅದಕ್ಕೆ ಒಂದು ಪರೀಕ್ಷೆ ಆಗಬೇಕು ಅಂದಳು. ರೆಕ್ಕೆಯ ಮೂಗಿನ ಮೇಲೆ ಅರಗು ಸೇರಿಸಿದ ಗಂಧದಿಂದ ಇಪ್ಪತ್ತೆರಡು ಬೊಟ್ಟಿಟ್ಟು, ಮೂಗೆತ್ತಿ, ನಿಧಾನದ ಗಾಳಿಯಲ್ಲಿ ನೋಡಬೇಕು. ಗಾಳಿ ರೆಕ್ಕೆಯನ್ನು ಬಿಟ್ಟರೆ ಆ ಅಚ್ಚು ಬೇಡ. "ಇದಕ್ಕೆ ಹೊಂಬಾಳಮ್ಮನ ಪರೀಕ್ಷೆ ಅಂತ ಹೆಸರಿಡೋಣ" ಅಂದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಂಪನನ ಹೆಗಲಿನ ಬಿಗಿತ ಇನ್ನೂ ಪೂರ್ತಿ ಹೋಗಿರಲಿಲ್ಲ. ಅವಳು ಒಂದೇ ಕೈಯಿಂದ ಮೇಜು ಬಡಿದಳು.

ಈಗ ಬೇರೆ ಜಿಲ್ಲೆಯವರೂ ಅಚ್ಚು ಹೊತ್ತು ತರುತ್ತಾರೆ. ಕಲಿಯಲು ಬಂದವರಿಗೆ ಇಂಪನ ಆ ಕಥೆ ಹೇಳುತ್ತಾಳೆ: ಪೊರೆ ಇನ್ನೂ ಬೂದು ಇತ್ತು, ನಮ್ಮ ದೊಡ್ಡವ್ವಂಗೆ ಆಗಲೇ ಗೊತ್ತಾಗಿತ್ತು. ಅವರು ನನ್ನನ್ನು ದೇವರನ್ನು ನೋಡುವ ಹಾಗೆ ನೋಡುತ್ತಾರೆ.

ಬೊಟ್ಟಿಡುವುದು ನನ್ನ ಕೈಯಿಂದಲೇ ಆಗಬೇಕು, ಅದು ಮಂಗಳ ಮಾಡಿದ ನಿಯಮ. ಗಂಧದ ಬಟ್ಟಲು ಹಿಡಿದು ಪಕ್ಕದಲ್ಲಿ ನಿಲ್ಲುವವಳು ಅವಳು. ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಎಣಿಸುತ್ತಾಳೆ, ಒಂದು, ಎರಡು, ಮೂರು. ಇಪ್ಪತ್ತೆರಡು ಎಂದಾಗ ಫ್ಯಾನು ತಿರುಗಲು ಶುರುವಾಗುತ್ತದೆ. ಎಲ್ಲರೂ ಪೊರೆಯನ್ನು ನೋಡುತ್ತಾರೆ. ಅವಳು ನನ್ನ ಮುಖ ನೋಡುತ್ತಾಳೆ.